ದೊಡ್ಡ ದೇಗ್, ಪುಟ್ಟ ಜೀಪು

ನಮ್ಮ ಅಕ್ಕನ ಮೊಮ್ಮಗಳು ಅನುಷಾ ಈಗ ಒಂದು ಕಾರ್ ಷೋರೂಮಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಸೇರಿದ ವಾರವೇ ಮನೆಗೆ ಬಂದು, ಸೋಫಾದ ಮೇಲೆ ಕಾಲು ಮಡಚಿ ಕೂತು, "ಅಜ್ಜಿ, ನೀನು ಇಷ್ಟು ವರ್ಷ ಸೇಲ್ಸ್‌ನಲ್ಲಿ ಇದ್ದೆ ನಾ, ನಂಗೆ ಥೋಡಾ ಬತಾವೋ, ಕಸ್ಟಮರ್ ಹತ್ರ ಹೇಗೆ ಮಾತಾಡೋದು" ಅಂದಳು. ಅವಳ ಫೋನಿನಲ್ಲಿ ಒಂದೇ ಗಾಡಿಯ ಏಳೆಂಟು ನಮೂನೆಗಳು ಸಾಲಾಗಿ ನಿಂತಿದ್ದವು. ಒಂದಕ್ಕೆ ಸೂರಿನಲ್ಲಿ ಕಿಟಕಿ, ಒಂದಕ್ಕೆ ಇಲ್ಲ. ಒಂದರ ಚಕ್ರ ಹೊಳೆಯುತ್ತದೆ, ಇನ್ನೊಂದರದು ಹೊಳೆಯುವುದಿಲ್ಲ. ಅದನ್ನೆಲ್ಲ ಕಂಠಪಾಠ ಮಾಡುತ್ತಿದ್ದೇನೆ ಅಂದಳು. ಮಾಡು ತಾಯಿ, ಬೇಡ ಅನ್ನುವುದಿಲ್ಲ. ಆದರೆ ನಾನು ಕಲಿತದ್ದು ಬೇರೆ ಕಡೆ. ಬಾಯಲ್ಲಿ ಹೇಳಿದರೆ ನೀನು ಅರ್ಧಕ್ಕೇ ಫೋನು ಒತ್ತುತ್ತೀಯ ಅಂತ ಬರೆಯುತ್ತಿದ್ದೇನೆ. ಕನ್ನಡ ಓದಲು ಬರುವುದಿಲ್ಲ ಅನ್ನಬೇಡ, ನಿಮ್ಮಮ್ಮನ ಹತ್ತಿರ ಓದಿಸಿಕೋ.

ನಾನು ತುಮಕೂರಿನವಳು. ಮದುವೆಯಾಗಿ ಭಾಂಡುಪಿಗೆ ಬಂದೆ. ನಮ್ಮವರಿಗೆ ಅಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ. ನನಗೆ ಟೈಪಿಂಗ್ ಬರುತ್ತಿತ್ತು, ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲಿಗೆ ಗೋರೆಗಾಂವ್‌ನ ಒಂದು ಷೋರೂಮಿನಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಭಾಂಡುಪಿನಿಂದ ದಾದರಿಗೆ ಒಂದು ಲೋಕಲ್, ಅಲ್ಲಿ ಸೇತುವೆ ಹತ್ತಿ ಇಳಿದು ಗೋರೆಗಾಂವಿಗೆ ಇನ್ನೊಂದು. ಸೀರೆಯ ನೆರಿಗೆ ಕೆಡದಂತೆ ಲೋಕಲ್‌ನಿಂದ ಇಳಿಯುವುದನ್ನು ಕಲಿತವಳಿಗೆ ಜಗತ್ತಿನಲ್ಲಿ ಇನ್ನಾವ ಕೆಲಸವೂ ಕಷ್ಟವಲ್ಲ ಅಂತ ನನಗೆ ಆಗಲೇ ಗೊತ್ತಾಗಿತ್ತು.

ಆಗ ಕಾರು ಮಾರುವುದು ಅಂದರೆ ಇಲ್ಲ ಅನ್ನುವ ಕೆಲಸ. ಜನ ಬುಕ್ ಮಾಡಿ ಕಾಯುತ್ತಿದ್ದರು, ಮಗ ಹುಟ್ಟಿದಾಗ ಬುಕ್ ಮಾಡಿದವರು ಅವನನ್ನು ಸ್ಕೂಲಿಗೆ ಸೇರಿಸಿದ ಮೇಲೆ ವಿಚಾರಿಸಲು ಬರುತ್ತಿದ್ದರು. ನಾವು, "ಬಂದಿಲ್ಲ ಸರ್, ಬಂದಾಗ ಕಾಗದ ಹಾಕ್ತೀವಿ" ಅನ್ನುವುದು. ಬಣ್ಣ ಯಾವುದು ಅಂತ ಕೇಳಿದವನು ದೊಡ್ಡ ಧೈರ್ಯಸ್ಥ. ಕೊಟ್ಟ ಬಣ್ಣ ತೆಗೆದುಕೊಂಡು ಹೋಗಬೇಕು, ಅಷ್ಟೇ. ಹೋಲಿಸಿ ನೋಡುವ ಮಾತೆಲ್ಲಿ ಬಂತು?

ಆಮೇಲೆ ಹೊಸ ಪುಟ್ಟ ಜೀಪು ಬಂತು. ಈಗ ನೀವು ಅದಕ್ಕೆ ಎಸ್‌ಯುವಿ ಅನ್ನುತ್ತೀರಿ. ಆಗ ಎತ್ತರವಾಗಿ ಇದ್ದದ್ದೆಲ್ಲ ಜೀಪೇ. ಅದು ಎರಡು ನಮೂನೆಯಲ್ಲಿ ಬಂತು ನೋಡಿ, ಜನರಿಗೆ ಹುಚ್ಚು ಹಿಡಿಯಿತು. ಒಂದು ಸ್ಟ್ಯಾಂಡರ್ಡ್: ಮೇಲೆ ಕ್ಯಾನ್ವಾಸ್ ಹೊದಿಕೆ, ಕೆಳಗೆ ರಬ್ಬರ್ ಮ್ಯಾಟು, ಹಿಂದೆ ಎದುರುಬದುರು ಎರಡು ಗಟ್ಟಿ ಬೆಂಚು. ಇನ್ನೊಂದು ಡಿಲಕ್ಸ್: ತಗಡಿನ ಸೂರು, ಕ್ಯಾಸೆಟ್ ಹಾಕುವ ಡಬ್ಬಿ, ಹಿಂದೆ ಮುಂದಕ್ಕೆ ಮುಖಮಾಡಿ ಕೂರುವ ಎರಡು ಬಿಡಿ ಸೀಟು, ಅದಕ್ಕೆ ಮೆತ್ತನೆ ಬಟ್ಟೆಯ ಹೊದಿಕೆ. ಇಂಜಿನ್ ಎರಡಕ್ಕೂ ಒಂದೇ. ಇಷ್ಟಕ್ಕೇ ಮನೆಮನೆಯಲ್ಲಿ ಎರಡು ಪಕ್ಷವಾಯಿತು.

ಷೋರೂಮಿನಲ್ಲಿ ಸೇಲ್ಸ್‌ಗೆ ಜನ ಸಾಲಲಿಲ್ಲ. ಮ್ಯಾನೇಜರ್ ಶೆಟ್ಟರು ಉಡುಪಿ ಕಡೆಯವರು, ಯಾವತ್ತೂ ಬಿಳಿ ಪ್ಯಾಂಟು, ಯಾವತ್ತೂ ಅವಸರ. ಒಂದು ದಿನ ನನ್ನ ಟೈಪ್‌ರೈಟರಿನ ಮುಂದೆ ನಿಂತು, "ವಿಮಲಾ, ನಿಂಗೆ ಬಾಯಿ ಉಂಟಲ್ಲ, ಅದನ್ನು ಇಲ್ಲಿ ಯಾಕೆ ವೇಸ್ಟ್ ಮಾಡ್ತಿ? ಹೊರಗೆ ಬಾ ಮಾರಾಯ್ತಿ" ಅಂದರು. ಗಾಡಿ ಓಡಿಸುವುದನ್ನು ನಾನು ಅಷ್ಟರಲ್ಲಿ ಹಟ ಹಿಡಿದು ಕಲಿತಿದ್ದೆ. ಹಾಗೆ ಹೊರಗೆ ಬಂದೆ. ಮೊದಮೊದಲು ಗಿರಾಕಿಗಳು ನನ್ನನ್ನು ನೋಡಿ, "ಸೇಲ್ಸ್‌ಮನ್ ಯಾರೂ ಇಲ್ವಾ?" ಅನ್ನುತ್ತಿದ್ದರು. ನಾನು, "ಇದ್ದಾರೆ ಸರ್, ಅವರು ಗಾಡಿ ತಗೋಳೋರಿಗೆ, ನಾನು ನೋಡಿ ಹೋಗೋರಿಗೆ" ಅನ್ನುತ್ತಿದ್ದೆ. ಆ ಮಾತಿಗೇ ಇಬ್ಬರು ಮೂವರು ಬುಕ್ ಮಾಡಿದ್ದುಂಟು.

ನೋಡಿ ಹೋಗುವವರಲ್ಲಿ ಮಾಟುಂಗದ ಶೇಷಗಿರಿರಾಯರನ್ನು ಮರೆಯುವ ಹಾಗಿಲ್ಲ. ಬೆಂಗಳೂರಿನವರು, ಯಾವುದೋ ಕಂಪನಿಯಲ್ಲಿ ಇಂಜಿನಿಯರ್. ಶನಿವಾರ ತಪ್ಪಿದರೂ ಅವರು ತಪ್ಪುತ್ತಿರಲಿಲ್ಲ. ಟೆಸ್ಟ್ ಡ್ರೈವಿಗೆ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತರುವರು. ಗಾಡಿ ಹೊರಟ ಮೇಲೆ ಲೋಟಕ್ಕೆ ಬಗ್ಗಿಸಿ ಕೈಯಲ್ಲಿ ಹಿಡಿದು, "ಓಡಿಸಿಮ್ಮಾ, ಯಾವ ಜೀಪಲ್ಲಿ ಕಡಿಮೆ ಚೆಲ್ಲತ್ತೋ ಅದು ನಮ್ಮದು" ಅನ್ನುವರು. ಗೋರೆಗಾಂವ್‌ನ ರಸ್ತೆಯಲ್ಲಿ ಎರಡರಲ್ಲೂ ಚೆಲ್ಲಿತು. ಅವರ ಷರಟು, ನನ್ನ ಸೀರೆ, ಶೆಟ್ಟರ ಹೊಸ ಸೀಟು ಎಲ್ಲಕ್ಕೂ ಕಾಫಿ ಕುಡಿಸಿ, ಒಂದು ಮಳೆಗಾಲ ಪೂರ್ತಿ ಹೋಲಿಸಿ ನೋಡಿ, ಕೊನೆಗೆ ಅವರು ಒಂದು ಸ್ಕೂಟರ್ ತಗೊಂಡರು. "ಅದರಲ್ಲಿ ಕಾಫಿ ಕುಡಿಯೋ ಪ್ರಶ್ನೆನೇ ಇಲ್ಲ ನೋಡಿ" ಅಂತ ನನಗೇ ಫೋನ್ ಮಾಡಿ ಹೇಳಿದರು. ಕೋಪ ಬರಬೇಕಿತ್ತು, ನಗು ಬಂತು.

ಇನ್ನು ದಸ್ತಗೀರ್ ಸಾಹೇಬರ ವಿಷಯ. ಇದನ್ನು ಹೇಳಲಿಕ್ಕೇ ನಾನು ಇಷ್ಟು ಸುತ್ತಿಕೊಂಡು ಬಂದದ್ದು.

ಅವರು ವಿಜಾಪುರದ ಕಡೆಯವರು, ಭಾಂಡುಪಿನಲ್ಲೇ ಇದ್ದರು. ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುವ ಕಸುಬು. ಆ ವರ್ಷ ಗೋರೆಗಾಂವ್‌ನ ಫಿಲ್ಮ್ ಸಿಟಿಯಲ್ಲಿ ಶೂಟಿಂಗ್ ಯೂನಿಟ್ಟುಗಳಿಗೆ ಮಧ್ಯಾಹ್ನದ ಊಟ ಕೊಡುವ ಕೆಲಸ ಸಿಕ್ಕಿತ್ತು. ಶೂಟಿಂಗ್ ನಡೆಯುವುದು ಗುಡ್ಡದ ಮೇಲೆ. ಅವರ ಟೆಂಪೋ ಕೆಸರಿನಲ್ಲಿ ಗುಡ್ಡ ಹತ್ತುತ್ತಿರಲಿಲ್ಲ. ಅದಕ್ಕೆ ಜೀಪು ಬೇಕು. ದಸ್ತಗೀರ್ ಸಾಹೇಬರು ಎತ್ತರದ ಮನುಷ್ಯ, ಒಂದು ಮಂಡಿ ಬಗ್ಗುತ್ತಿರಲಿಲ್ಲ. ಜೊತೆಗೆ ಹೆಂಡತಿ ಹಲೀಮಾ, ನನ್ನ ವಯಸ್ಸಿನವಳೇ, ಮಾತು ಕಡಿಮೆ. ಟೆಂಪೋ ಓಡಿಸುವುದು ಸೋದರಳಿಯ ಬಾಬು.

"ನಮಸ್ಕಾರ್ರಿ ಅಕ್ಕಾರ. ಈ ಎರಡೂ ಗಾಡಿಯೊಳಗ ಫರಕ್ ಏನೈತ್ರಿ?"

ಕನ್ನಡ ಕೇಳಿ ನನಗೆ ಉತ್ಸಾಹ ಬಂತು. ಉಸಿರು ತೆಗೆದುಕೊಳ್ಳದೆ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿ. ನಮ್ಮ ದೇಗ್ ಯಾವದರಾಗ ಹಿಡಿತೈತಿ?" ಅಂದರು.

ದೇಗ್ ಅಂದರೆ ಬಿರಿಯಾನಿ ಬೇಯಿಸುವ ತಾಮ್ರದ ದೊಡ್ಡ ಪಾತ್ರೆ. ಅವರದು ಅವರ ತಂದೆಯ ಕಾಲದ್ದು. ಅದರಲ್ಲಿ ಮಾಡಿದರೇ ರುಚಿ, ಬೇರೆ ಪಾತ್ರೆಯಲ್ಲಿ ಮಾಡಿದರೆ ಅದು ಬಿರಿಯಾನಿಯೇ ಅಲ್ಲ ಅನ್ನುವುದು ಅವರ ನಂಬಿಕೆ. ಅಷ್ಟರಲ್ಲಿ ಹಲೀಮಾ ಡಿಲಕ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬಾಗಿಲು ತೆರೆದಿತ್ತು, ಕೂತಳು ಅಂದುಕೊಂಡೆ. ಅಂಗೈಯಿಂದ ಆ ಬಟ್ಟೆಯನ್ನು ಒಮ್ಮೆ ಸವರಿ, ಗಂಡ ಕರೆದ ಕೂಡಲೇ ಇಳಿದಳು. ಆಮೇಲೆ ಅವರು ಬಂದಾಗಲೆಲ್ಲ ಹೀಗೇ ಆಯಿತು. ಅವರು ಗಾಡಿಯ ಅಡಿ, ಚಕ್ರ, ಹಿಂದಿನ ಬಾಗಿಲು ಅಳೆಯುವುದು, ಅವಳು ಆ ಸೀಟಿನಲ್ಲಿ ಒಂದು ಗಳಿಗೆ ಕೂತು ಇಳಿಯುವುದು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಳತೆ ಯಾಕೆ ಸಾಹೇಬ್ರೇ, ದೇಗನ್ನೇ ತಗೊಂಡು ಬನ್ನಿ, ಇಟ್ಟೇ ನೋಡೋಣ" ಅಂದೆ. ಮುಂದಿನ ಶನಿವಾರ, ಷೋರೂಮ್ ತುಂಬ ಗಿರಾಕಿಗಳಿದ್ದ ಹೊತ್ತಿನಲ್ಲಿ, ಟೆಂಪೋ ಬಂದು ನಿಂತಿತು. ನಾಲ್ಕು ಜನ ದೇಗ್ ಹೊತ್ತು ಒಳಗೆ ಬಂದರು. ಗಾಜಿನ ಬಾಗಿಲಿನ ಹತ್ತಿರ ನಿಂತಿದ್ದವರೆಲ್ಲ ದಾರಿ ಬಿಟ್ಟರು. ಸ್ಟ್ಯಾಂಡರ್ಡಿನಲ್ಲಿ ಬೆಂಚು ಮಡಚಿ ಇಟ್ಟರೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಡಿಲಕ್ಸನ್ನೂ ನೋಡಿಯೇ ಬಿಡೋಣ ಅಂತ ನಾನೇ ಅಂದೆ. ಸೀಟು ಮಡಚಿ, ಓರೆ ಮಾಡಿ, ಬಾಬು ಒಳಗಿನಿಂದ ಎಳೆದು ನಾವು ಹೊರಗಿನಿಂದ ತಳ್ಳಿ, ದೇಗ್ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಮಡಚಿದ ಸೀಟು ಪುಟಿದೆದ್ದು ದೇಗಿನ ಅಂಚಿನ ಕೆಳಗೆ ಸಿಕ್ಕಿಕೊಂಡಿತ್ತು. ಮೇಲಕ್ಕೆ ಎತ್ತೋಣ ಅಂದರೆ ಸೂರು. ಒಳಗೆ ಬಾಬು, ದೇಗಿನ ಆಚೆ.

ಶೆಟ್ಟರು ಒಬ್ಬ ದೊಡ್ಡ ಗಿರಾಕಿಯನ್ನು ಕರೆದುಕೊಂಡು ಅದೇ ಡಿಲಕ್ಸ್ ತೋರಿಸಲು ಬಂದರು. ಕಿಟಕಿಯಲ್ಲಿ ಬಾಬು ಮುಖ ಕಂಡಿತು, ನಮಸ್ಕಾರ ಮಾಡಿದ.

"ಎಂತ ವಿಮಲಾ ಇದು? ಷೋರೂಮಾ, ಮದುವೆ ಛತ್ರವಾ?"

"ಜಾಗ ಎಷ್ಟಿದೆ ಅಂತ ತೋರಿಸ್ತಿದ್ದೆ ಸರ್."

"ತೋರಿಸಿ ಆಯ್ತಲ್ಲ. ಇನ್ನು ತೆಗಿ."

ವರ್ಕ್‌ಷಾಪಿನ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ ಸೀಟಿನ ಬೋಲ್ಟ್ ಬಿಚ್ಚಿದ ಮೇಲೆ ದೇಗೂ ಬಂತು, ಬಾಬೂ ಬಂದ. ಶೆಟ್ಟರು ಎರಡು ದಿನ ನನ್ನನ್ನು "ಬಿರಿಯಾನಿ ಮೇಡಂ" ಅಂತ ಕರೆದರು. ನಾನು ಮೊಟ್ಟೆಯನ್ನೂ ಮುಟ್ಟದ ಮನೆಯವಳು.

ಸ್ಟ್ಯಾಂಡರ್ಡೇ ಸೈ ಅಂತ ದಸ್ತಗೀರ್ ಸಾಹೇಬರು ಮನಸ್ಸು ಮಾಡಿದರು. ಆದರೆ ಭಾರ ಹೇರಿ ಗುಡ್ಡ ಹತ್ತಿಸಿ ನೋಡಬೇಕಲ್ಲ. ಗಾಡಿ ತೊಳೆಯುವ ಕಡೆ ದೇಗಿಗೆ ನೀರು ತುಂಬಿಸಿ, ಮುಚ್ಚಳ ಹಾಕಿ ಬಟ್ಟೆ ಕಟ್ಟಿ, ಫಿಲ್ಮ್ ಸಿಟಿಗೆ ಹೊರಟೆವು. ಓಡಿಸುವುದು ನಾನು, ಪಕ್ಕದಲ್ಲಿ ದಸ್ತಗೀರ್ ಸಾಹೇಬರು. ಬಾಬು ಟೆಂಪೋದಲ್ಲಿ ಹಿಂದೆ ಬಂದು, ಗುಡ್ಡದ ಬುಡದಲ್ಲಿ ಅದನ್ನು ಬಿಟ್ಟು ನಡೆದು ಹತ್ತಿದ. ಹಲೀಮಾ ಎಲ್ಲಿ ಕೂರುತ್ತಾಳೆ ಅಂತ ಯಾರೂ ಕೇಳಲಿಲ್ಲ. ಅವಳು ತಾನಾಗಿ ಹಿಂದೆ ಹತ್ತಿ, ದೇಗಿನ ಪಕ್ಕ ನೆಲದ ಮೇಲೆ ಕೂತು, ಒದ್ದೆ ಬಟ್ಟೆ ಸುತ್ತಿ ಅದರ ಕಂಠ ಹಿಡಿದುಕೊಂಡಳು.

ಮಳೆ ನಿಂತು ಎರಡು ದಿನವಾಗಿತ್ತು, ದಾರಿ ಕೊಚ್ಚೆ. ನಾಲ್ಕೂ ಚಕ್ರಕ್ಕೆ ಗೇರು ಹಾಕಿದೆ. ಜೀಪು ಗುರುಗುಟ್ಟುತ್ತ ಹತ್ತಿತು. "ಶಾಭಾಸ್, ಏರಿತು ನೋಡ್ರಿ ಅಕ್ಕಾರ" ಅಂತ ಅವರು ತೊಡೆ ತಟ್ಟಿ ಖುಷಿಪಟ್ಟರು. ನನಗೂ ಖುಷಿ, ಗಾಡಿ ಮಾರಿದ ಹಾಗೇ ಆಯಿತು. ಕನ್ನಡಿಯಲ್ಲಿ ಹಿಂದೆ ನೋಡಿದೆ. ಹಲೀಮಾ ಒಂದು ಕಾಲನ್ನು ಚಕ್ರದ ಉಬ್ಬಿಗೆ ಒತ್ತಿ, ಎರಡು ಕೈಯಲ್ಲೂ ದೇಗ್ ತಬ್ಬಿಕೊಂಡಿದ್ದಳು. ನೀರು ಚೆಲ್ಲಿ ತಲೆಯಿಂದ ಕಾಲಿನವರೆಗೆ ತೊಯ್ದಿದ್ದಳು. ನೀರಾದ್ದರಿಂದ ಸರಿ. ಅದು ಬಿಸಿ ಬಿರಿಯಾನಿಯಾಗಿದ್ದರೆ?

ಇಳಿಯುವಾಗ, "ಬಾಬು ಓಡಿಸಲಿ, ಅವನಿಗೂ ರೂಢಿಯಾಗಲಿ" ಅಂತ ಹೇಳಿ ನಾನು ಹಿಂದೆ ಹೋಗಿ ಹಲೀಮಾ ಪಕ್ಕ ಕೂತೆ. ಇಳಿಜಾರಿನಲ್ಲಿ ದೇಗ್ ಮುಂದಕ್ಕೆ ಜಾರುತ್ತದೆ, ನಾವು ಇಬ್ಬರೂ ಹಿಂದಕ್ಕೆ ಎಳೆದು ಹಿಡಿಯಬೇಕು. ಪ್ರತಿ ಕುಲುಕಿಗೂ ಬೆನ್ನು ತಗಡಿಗೆ ಬಡಿಯುತ್ತದೆ. ಇಂಜಿನ್ನಿನ ಸದ್ದಿಗೆ ಮುಂದಿನವರಿಗೆ ನಮ್ಮ ಮಾತು ಕೇಳಿಸುತ್ತಿರಲಿಲ್ಲ.

"ಟೆಂಪೋದಲ್ಲೂ ಹೀಗೇನಾ ಕೂರೋದು?"

"ಹೌದ್ರಿ ಅಕ್ಕಾ. ಲಗ್ನ ಆಗಿ ಬಂದಾಗಿಂದ ಇದ ಹಿಡ್ಕೊಂಡ ಕುಂತೀನಿ. ಅವರಿಗೆ ಮೊಣಕಾಲ ಬಗ್ಗಂಗಿಲ್ಲ, ನೆಲಕ್ಕ ಕುಂದ್ರಾಕ ಬರಂಗಿಲ್ಲ. ಮತ್ತ ಯಾರ ಹಿಡೀಬೇಕು?"

"ಡಿಲಕ್ಸಿನ ಸೀಟು ಇಷ್ಟ ಆಯ್ತಾ ನಿನಗೆ?"

ಅವಳು ನಕ್ಕಳು. "ಭಾಳ ಮೆತ್ತಗೈತ್ರಿ. ಕುಂತ್ರ ನಿದ್ದಿ ಬರ್ತೈತಿ. ಆದ್ರ ಅದರಾಗ ದೇಗ್ ಹಿಡಿಯಂಗಿಲ್ಲಲ್ಲ. ಅವರ ಮುಂದ ಹೇಳಬ್ಯಾಡ್ರಿ ಮತ್ತ. ದೇಗ್ ಅವರ ಅಬ್ಬಾಂದು."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳುವುದು? ದಸ್ತಗೀರ್ ಸಾಹೇಬರು ಹೆಂಡತಿಯ ಮೇಲೆ ದನಿ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಎರಡು ಗಾಡಿಯ ಸುತ್ತ ಅಷ್ಟು ಸಲ ಸುತ್ತಿದವರು ಅವರು, ಅಷ್ಟು ಸಲ ವಿವರಿಸಿದವಳು ನಾನು. ಇವಳು ಎಲ್ಲಿ ಕೂರುತ್ತಾಳೆ ಅನ್ನುವುದು ಇಬ್ಬರ ತಲೆಗೂ ಹೋಗಿರಲಿಲ್ಲ.

"ಎರಡು ಸಣ್ಣ ದೇಗಿನಲ್ಲಿ ಮಾಡಿದರೆ ಆಗಲ್ವಾ?" ಅಂತ ಕೇಳಿದೆ.

"ರುಚಿ ಕೆಡತೈತಿ ಅಂತಾರ."

"ಕೆಡತ್ತಾ?"

ಅವಳು ದೇಗಿನ ಕಂಠಕ್ಕೆ ಸುತ್ತಿದ ಬಟ್ಟೆಯನ್ನು ಬಿಗಿ ಮಾಡಿದಳು. ಆಮೇಲೆ, "ನಾ ಯಾವತ್ತೂ ಮಾಡಿ ನೋಡಿಲ್ರಿ" ಅಂದಳು.

ಅವತ್ತಿನಿಂದ ನನ್ನ ಪಾಡು ಕೇಳಬೇಡಿ. ಹೇಳಬೇಡ ಅಂದಿದ್ದಾಳೆ, ಹೇಳುವ ಹಾಗಿಲ್ಲ. ಡಿಲಕ್ಸ್ ತಗೊಳ್ಳಿ ಅಂತ ನಾನಾಗಿ ಅಂದರೆ, ಸೇಲ್ಸಿನವಳು ಹೆಚ್ಚು ಬೆಲೆಯ ಗಾಡಿ ತಲೆಗೆ ಕಟ್ಟುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅದೂ ಸಹಜವೇ. ನಾಲ್ಕು ದಿನ ನಾನು ಬಾಯಿ ಮುಚ್ಚಿಕೊಂಡು ಓಡಾಡಿದ್ದನ್ನು ನೋಡಿ ಶೆಟ್ಟರಿಗೆ ಗಾಬರಿಯಾಯಿತು. "ಎಂತ ವಿಮಲಾ, ಹುಷಾರಿಲ್ವಾ? ರಜೆ ಬೇಕಾ?" ಅಂತ ಕೇಳಿದರು.

ಬುಕ್ ಮಾಡುತ್ತೇವೆ ಅಂತ ಹೇಳಿದ್ದ ದಿನ ಬಂತು. ಟೆಂಪೋದಲ್ಲಿ ಹಲೀಮಾ ಮೊದಲು ಬಂದಳು. ದಸ್ತಗೀರ್ ಸಾಹೇಬರು ದಾದರಿಗೆ ಹೋಗಿದ್ದವರು ಅಲ್ಲಿಂದ ನೇರ ಬರುವವರಿದ್ದರು. ಅವತ್ತು ದೇಗ್ ಸಿಕ್ಕಿಸಿ ತೊಂದರೆ ಕೊಟ್ಟೆವಲ್ಲ, ಅದಕ್ಕೆ ಷೋರೂಮಿನವರಿಗೆಲ್ಲ ಊಟ ತಂದಿದ್ದೇನೆ ಅಂದಳು. ವರ್ಕ್‌ಷಾಪಿನ ಹಿಂದೆ ಶೆಡ್ಡಿನಲ್ಲಿ ಬಡಿಸಲಿಕ್ಕೆ ಶುರುವಾಯಿತು. ನನಗೆ ಬೇರೆ ಡಬ್ಬಿಯಲ್ಲಿ ತರಕಾರಿ ಹಾಕಿದ ಅನ್ನ. ಆ ಅನ್ನದ ರುಚಿ ಈಗಲೂ ನೆನಪಿದೆ, ಮನೆಯಲ್ಲಿ ಎಷ್ಟು ಸಲ ಮಾಡಿದರೂ ನನಗೆ ಅದು ಬರಲೇ ಇಲ್ಲ.

ಅಷ್ಟರಲ್ಲಿ ಅವಳ ಗಂಡ ಬಂದರು. ಮೆಕ್ಯಾನಿಕ್‌ಗಳು ಬೆರಳು ಚೀಪುತ್ತಿದ್ದರು. ಶೆಟ್ಟರು ಬಿಳಿ ಪ್ಯಾಂಟಿನ ಮೇಲೆ ಕರವಸ್ತ್ರ ಹಾಸಿಕೊಂಡು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ದಸ್ತಗೀರ್ ಸಾಹೇಬರೂ ಒಂದು ತಟ್ಟೆ ತೆಗೆದುಕೊಂಡು ತಿಂದು, ಹೆಮ್ಮೆಯಿಂದ, "ಇದು ಅಬ್ಬಾನ ದೇಗಿನ ಗುಣ ನೋಡ್ರಿ ಸಾಹೇಬ್ರ. ಬ್ಯಾರೆ ಪಾತ್ರಿಯೊಳಗ ಈ ರುಚಿ ಬರಂಗಿಲ್ಲ" ಅಂದರು.

ಹಲೀಮಾ ಸೆರಗಿನಿಂದ ಕೈ ಒರೆಸಿಕೊಂಡು ಟೆಂಪೋದ ಹತ್ತಿರ ಹೋಗಿ ಹೊದಿಕೆ ಸರಿಸಿದಳು. ಒಳಗೆ ಎರಡು ಸಣ್ಣ ದೇಗ್, ಅಂಚಿಗೆ ಇನ್ನೂ ಬಿರಿಯಾನಿಯ ಅನ್ನ ಅಂಟಿತ್ತು. ಬಾಬುವನ್ನು ಕರೆದು ಅವೆರಡನ್ನೂ ಹೊರಿಸಿಕೊಂಡು ಷೋರೂಮಿನ ಡಿಲಕ್ಸ್ ಹತ್ತಿರ ಬಂದಳು. ಒಂದು ಸೀಟು ಮಡಚಿ ಅದರ ಮೇಲೆ ಒಂದನ್ನು ಇಡಿಸಿದಳು. ಇನ್ನೊಂದನ್ನು ಸೀಟಿನ ಹಿಂದೆ. ಉಳಿದ ಸೀಟಿನಲ್ಲಿ ತಾನು ಹತ್ತಿ ಕೂತಳು.

"ನೋಡ್ರಿ. ಅವೂ ಹಿಡಿದ್ವು, ನಾನೂ ಹಿಡಿದೆ."

ದಸ್ತಗೀರ್ ಸಾಹೇಬರು ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ದೇಗುಗಳನ್ನು ನೋಡಿದರು, ತಟ್ಟೆ ನೋಡಿದರು. ಆಮೇಲೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿದ್ದ ಸ್ಟ್ಯಾಂಡರ್ಡಿನ ಹಿಂಭಾಗಕ್ಕೆ ಹೋದರು. ಬಗ್ಗದ ಕಾಲನ್ನು ಹೊರಗೇ ಚಾಚಿ, ಹಲೀಮಾ ಅವತ್ತು ಕೂತಿದ್ದ ಜಾಗದಲ್ಲಿ ರಬ್ಬರ್ ಮ್ಯಾಟಿನ ಮೇಲೆ ಕಷ್ಟಪಟ್ಟು ಕೂತರು. ಅಲ್ಲಿಂದ ಏಳಲು ಬಾಬು ಕೈ ಕೊಡಬೇಕಾಯಿತು. ಎದ್ದು, ಬಟ್ಟೆ ಕೊಡವಿಕೊಂಡು, ಹೆಂಡತಿಯ ಮುಂದೆ ನಿಂತರು.

"ಮೊದಲ ಹೇಳಬಾರದಿತ್ತೇನ?"

"ನೀವು ಗಾಡಿ ನೋಡಾಕತ್ತಿದ್ರಿ" ಅಂದಳು ಹಲೀಮಾ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೇ ಹೇಳಿದ ಹಾಗಾಯಿತು. ದಸ್ತಗೀರ್ ಸಾಹೇಬರು ಶೆಟ್ಟರ ಕಡೆ ತಿರುಗಿ, "ಇದನ್ನ ಬರ್ಕೊಳ್ರಿ ಸಾಹೇಬ್ರ, ಮೆತ್ತನ ಸೀಟಿಂದು" ಅಂದರು.

ಅನುಷಾ, ಅವತ್ತಿನಿಂದ ನಾನು ಒಂದು ಪದ್ಧತಿ ಇಟ್ಟುಕೊಂಡೆ. ಯಾರೇ ಗಾಡಿ ನೋಡಲು ಬರಲಿ, ಮೊದಲ ಪ್ರಶ್ನೆ: ಹಿಂದೆ ಯಾರು ಕೂರುತ್ತಾರೆ? ಎರಡನೆಯದು: ಅವರನ್ನು ಕರೆದುಕೊಂಡು ಬಂದಿದ್ದೀರಾ? ಬಂದಿದ್ದರೆ ಅವರನ್ನು ಮೊದಲು ಕೂರಿಸಿ, ನಾನೂ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬರುತ್ತಿದ್ದೆ. ಬ್ರೋಷರ್ ಆಮೇಲೆ. ನನ್ನ ಜೊತೆಯವರು ನಗುತ್ತಿದ್ದರು. ವರ್ಷಗಳಾದ ಮೇಲೆ, ಎದುರು ರಸ್ತೆಯಲ್ಲಿ ಬೇರೆ ಷೋರೂಮ್ ಬಂದು ಗಿರಾಕಿಗಳು ಆಚೆ ಈಚೆ ಓಡಾಡಲು ಶುರುಮಾಡಿದಾಗ, ಅವರೂ ಹಿಂದಿನ ಸೀಟಿನಲ್ಲಿ ಕೂರಲು ಕಲಿತರು.

ಡೆಲಿವರಿ ದಿನದ್ದೊಂದು ಹೇಳಿ ಮುಗಿಸುತ್ತೇನೆ. ಅವತ್ತೇ ಫಿಲ್ಮ್ ಸಿಟಿಗೆ ಊಟ ಹೋಗಬೇಕಿತ್ತು. ಬೆಳಗಿನ ಜಾವ ಎದ್ದು ಅಡುಗೆ ಮಾಡಿಕೊಂಡೇ ಬಂದಿದ್ದರು. ಬಾಬು ಟೆಂಪೋದಲ್ಲಿ ತಟ್ಟೆ, ನೀರು ತೆಗೆದುಕೊಂಡು ಮುಂದೆ ಹೋದ. ಹೊಸ ಗಾಡಿಯನ್ನು ಗುಡ್ಡ ಹತ್ತಿಸಿಕೊಡುತ್ತೇನೆ ಅಂತ ನಾನು ಕೂತೆ, ಪಕ್ಕದಲ್ಲಿ ದಸ್ತಗೀರ್ ಸಾಹೇಬರು. ಹಿಂದೆ ಸೀಟಿನ ಮೇಲೆ ಹಲೀಮಾ, ಅವಳ ಮಗ್ಗುಲಲ್ಲಿ ಹಗ್ಗ ಬಿಗಿದ ದೇಗ್. ಗೋರೆಗಾಂವ್‌ನ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋಗುತ್ತಿದ್ದೆವು. ನನ್ನ ಅಭ್ಯಾಸದಂತೆ, "ಹಲೀಮಾ, ಸೀಟು ಹೇಗಿದೆ? ಬೆನ್ನಿಗೆ ಸರಿ ಇದೆಯಾ?" ಅಂತ ಕೇಳಿದೆ.

ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ. ದಸ್ತಗೀರ್ ಸಾಹೇಬರು ಹಿಂದೆ ತಿರುಗಿ ನೋಡಿದರು. ನಾನು ಕನ್ನಡಿಯಲ್ಲಿ ನೋಡಿದೆ. ತಲೆ ಕಿಟಕಿಯ ಕಡೆ ವಾಲಿತ್ತು, ಬಾಯಿ ತುಸು ತೆರೆದಿತ್ತು, ಎರಡು ಕೈಗಳೂ ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು. ಗಾಢ ನಿದ್ದೆ.

"ಅಕ್ಕಾರ" ಅಂದರು ಅವರು, ಪಿಸುಮಾತಿನಲ್ಲಿ. "ಸ್ವಲ್ಪ ಮೆಲ್ಲಕ ಹೊಡೀರಿ."

ನಾನು ಗೇರ್ ಇಳಿಸಿದೆ. ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ, ಹೊಡೆದುಕೊಳ್ಳಲಿ ಅಂತ ಬಿಟ್ಟೆ. ಗುಡ್ಡದ ಬುಡ ಸೇರುವವರೆಗೂ ಜೀಪಿನಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ.